ಜೋಮು ಇಳಿಯುವ ಹೊತ್ತು: ಮೊಣಕಾಲು ಆಪರೇಷನ್ ಆದ ಮೇಲಿನ ನೋವು, ಬ್ಲಾಕ್ ಮತ್ತು ಇಂಜೆಕ್ಷನ್

ಈ ವಾರದ ಸಂಚಿಕೆ ಮೊಣಕಾಲಿನ ಬಗ್ಗೆ. ಮೊಣಕಾಲು ಬದಲಾಯಿಸೋ ಆಪರೇಷನ್ ಮಾಡಿಸಬೇಕೋ ಬೇಡವೋ ಅನ್ನೋದು ಇವತ್ತಿನ ವಿಷಯ ಅಲ್ಲ. ಆಪರೇಷನ್ ಆದ ಮೇಲೆ ಬರೋ ನೋವನ್ನ ಹೇಗೆ ಹಿಡಿತದಲ್ಲಿ ಇಡ್ತಾರೆ, ನರದ ಬ್ಲಾಕ್ ಅಂದ್ರೆ ಏನು, ಕೀಲಿನ ಸುತ್ತ ಹಾಕೋ ಇಂಜೆಕ್ಷನ್ ಅಂದ್ರೆ ಏನು, ಮನೆಯವರಾಗಿ ನಾವು ಏನು ತಿಳ್ಕೊಂಡಿರಬೇಕು, ಇಷ್ಟು ಮಾತಾಡೋಣ.

ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ. ಬಿ.ಕಾಂ. ಓದಿದವನು. ನಮ್ಮ ಅವ್ವನ ಮೊಣಕಾಲು ಆಪರೇಷನ್ ಆದಾಗ ನನಗೆ ಗೊತ್ತಿಲ್ಲದೆ ಆದ ಒಂದು ತಪ್ಪಿನಿಂದ ಇದನ್ನೆಲ್ಲ ಓದೋಕೆ, ಕೇಳೋಕೆ ಶುರು ಮಾಡಿದೆ. ಇಲ್ಲಿ ಹೇಳೋ ಯಾವ ಔಷಧಿಯನ್ನೂ ನಿಮ್ಮಷ್ಟಕ್ಕೆ ನೀವೇ ತಗೋಬೇಡಿ. ನಿಮ್ಮ ಡಾಕ್ಟರಿಗೆ ಸರಿಯಾದ ಪ್ರಶ್ನೆ ಕೇಳೋಕೆ ಇದು ಸಹಾಯ ಆದರೆ ಸಾಕು.

ನಮ್ಮ ಕಡೆಯ ಮೊಣಕಾಲು

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ, ಈ ಐದು ಊರುಗಳ ಯಾವ ಓಣಿಗೆ ಹೋದರೂ ಮೊಣಕಾಲು ಹಿಡ್ಕೊಂಡು ಕಟ್ಟೆ ಮೇಲೆ ಕೂತ ಹಿರಿಯರು ಸಿಗ್ತಾರೆ. ತೊಗರಿ ಹೊಲದಲ್ಲಿ ಕುಕ್ಕರಗಾಲಲ್ಲಿ ಕೂತು ಕಸ ತೆಗೆದವರು, ಒಲೆ ಮುಂದೆ ನೆಲದ ಮೇಲೆ ಕೂತು ದಿನಾ ರೊಟ್ಟಿ ಬಡಿದವರು, ಶಹಾಬಾದ್ ಕಡೆ ಖಣಿಯಲ್ಲಿ ಪರ್ಸಿ ಕಲ್ಲು ಎತ್ತಿದವರು, ವಾಡಿ, ಸೇಡಂ ಕಡೆ ಸಿಮೆಂಟ್ ಕಾರ್ಖಾನೆಯಲ್ಲಿ ಮೂಟೆ ಹೊತ್ತವರು. ವಯಸ್ಸು, ತೂಕ, ಮನೆತನದಿಂದ ಬಂದದ್ದು, ಹಳೇ ಪೆಟ್ಟು, ಜೊತೆಗೆ ವರ್ಷಗಟ್ಟಲೆ ಮೊಣಕಾಲು ಪೂರ್ತಿ ಮಡಚಿ ಮಾಡಿದ ಕೆಲಸ. ಇವೆಲ್ಲ ಸೇರಿ ಕೀಲಿನ ಮೆತ್ತೆ ಸವೆಯುತ್ತೆ.

ಈಗ ಆಪರೇಷನ್ ಮಾಡಿಸ್ಕೊಳ್ಳೋರು ಜಾಸ್ತಿ ಆಗಿದ್ದಾರೆ. ಕೆಲವರು ಕಲಬುರಗಿಗೆ ಹೋಗ್ತಾರೆ, ಕೆಲವರು ತಾಂಡೂರು ಮೇಲೆ ಹೈದರಾಬಾದಿಗೆ ಹೋಗ್ತಾರೆ. ಹೋಗೋ ಮುಂಚೆ ಎಲ್ಲರೂ ಕೇಳೋದು ಎರಡೇ ಪ್ರಶ್ನೆ. ಖರ್ಚು ಎಷ್ಟು? ಡಾಕ್ಟರ್ ಯಾರು? "ಆಪರೇಷನ್ ಆದ ರಾತ್ರಿ ನೋವಿಗೆ ಏನು ಮಾಡ್ತೀರಿ?" ಅಂತ ಯಾರೂ ಕೇಳಲ್ಲ. ನಾನೂ ಕೇಳಿರಲಿಲ್ಲ.

ಆ ರಾತ್ರಿ ಏನಾಯ್ತು

ಅವ್ವನಿಗೆ ಬೆಳಗ್ಗೆ ಆಪರೇಷನ್ ಆಯ್ತು. ಬೆನ್ನಿಗೆ ಸೂಜಿ ಕೊಟ್ಟು ಮಾಡಿದ್ದರು. ಸಂಜೆ ಹೊತ್ತಿಗೆ ಕಾಲು ಸ್ವಲ್ಪ ಅಲ್ಲಾಡಿಸೋಕೆ ಬರ್ತಿತ್ತು, ನೋವು ಮಾತ್ರ ಇರಲೇ ಇಲ್ಲ. ನೋಡೋಕೆ ಬಂದ ಸೋದರತ್ತೆ ಮುಂದೆ ಅವ್ವ ನಗ್ತಾ, "ಇಷ್ಟ ದಿನ ಸುಮ್ಮನ ಅಂಜಿದ್ನಿ ನೋಡು, ಏನೂ ಬ್ಯಾನಿ ಇಲ್ಲ" ಅಂದಳು. ರಾತ್ರಿ ಒಂಬತ್ತಕ್ಕೆ ಸಿಸ್ಟರ್ ಗುಳಿಗೆ ತಂದರು. ಅವ್ವ ಅಂದಳು, "ಬ್ಯಾನಿನೇ ಇಲ್ಲ, ಗುಳಿಗಿ ಯಾಕ್ರೀ? ಮೊದಲೇ ಹೊಟ್ಟ್ಯಾಗ ಉರಿ ಅದ." ನನಗೂ ಸರಿ ಅನ್ನಿಸ್ತು. "ಇರಲಿ ಬಿಡ್ರಿ ಸಿಸ್ಟರ್, ನೋವಾದರೆ ಕೇಳ್ತೀವಿ" ಅಂತ ನಾನೇ ಹೇಳಿ ಕಳಿಸಿದೆ.

ರಾತ್ರಿ ಎರಡೂವರೆಗೆ ಅವ್ವ ಕೂಗಿದಳು. ನನ್ನ ಜೀವನದಲ್ಲಿ ಅವಳು ಹಾಗೆ ಕೂಗಿದ್ದು ಕೇಳಿಲ್ಲ. ಸಿಸ್ಟರ್ ಬಂದು, ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ಇಂಜೆಕ್ಷನ್ ಕೊಟ್ಟು, ನೋವು ತಹಬಂದಿಗೆ ಬರೋ ಹೊತ್ತಿಗೆ ನಾಲ್ಕು ಗಂಟೆ ದಾಟಿತ್ತು. ಆ ಒಂದೂವರೆ ಗಂಟೆ ನೋವಿಗಿಂತ ದೊಡ್ಡ ನಷ್ಟ ಆಮೇಲೆ ಆಯ್ತು. ಮಾರನೇ ದಿನ ಫಿಸಿಯೋ ಬಂದು "ಕಾಲು ಮಡಚೋಣ ಅಮ್ಮಾ" ಅಂದ್ರೆ ಅವ್ವ ಮುಟ್ಟೋಕೇ ಬಿಡಲಿಲ್ಲ. ಎರಡು ದಿನ ಹಾಗೇ ಹೋಯ್ತು. ಅಂಜಿಕೆ ಒಮ್ಮೆ ಕೂತರೆ ನೋವು ಇಳಿದ ಮೇಲೂ ಹೋಗಲ್ಲ.

ಡಿಸ್ಚಾರ್ಜ್ ದಿನ ಬಿಲ್ ಕೈಗೆ ಬಂತು. ಕಾಮರ್ಸ್ ಓದಿದವರ ಚಾಳಿ, ಸಾಲು ಸಾಲು ಓದಿದೆ. ಇಂಪ್ಲಾಂಟ್, ರೂಮು, ಓಟಿ ಚಾರ್ಜು, ಮಧ್ಯೆ ಒಂದು ಸಾಲು: ಅಡಕ್ಟರ್ ಕೆನಾಲ್ ಬ್ಲಾಕ್. ಏನಿದು ಅಂತ ಕೇಳಿದೆ. "ನೋವು ಆಗದಿರಲಿ ಅಂತ ನರಕ್ಕೆ ಕೊಟ್ಟ ಇಂಜೆಕ್ಷನ್, ಒಂದು ದಿನ ಕೆಲಸ ಮಾಡುತ್ತೆ" ಅಂದರು. ಆಗ ಲೆಕ್ಕ ತಿಳೀತು. ಸಂಜೆ ಅವ್ವನಿಗೆ ನೋವು ಇರಲಿಲ್ಲ ಅಂತಲ್ಲ. ನೋವು ಬಾಗಿಲ ಹೊರಗೆ ನಿಂತಿತ್ತು, ಬಾಗಿಲು ತೆಗೆಯೋ ಹೊತ್ತು ನಮಗೆ ಗೊತ್ತಿರಲಿಲ್ಲ. ಆ ಗುಳಿಗೆ ಒಂಬತ್ತು ಗಂಟೆಯ ನೋವಿಗೆ ಕೊಟ್ಟದ್ದಲ್ಲ, ಎರಡೂವರೆ ಗಂಟೆಯ ನೋವಿಗೆ ಕೊಟ್ಟದ್ದು.

ಇವತ್ತಿನ ಸಂಚಿಕೆಯಲ್ಲಿ ಒಂದೇ ಮಾತು ನೆನಪಿಟ್ಕೊಳ್ಳೋದಾದರೆ ಅದು ಇದು: ಬ್ಲಾಕ್ ನೋವನ್ನ ತೆಗೆಯೋದಿಲ್ಲ, ಸ್ವಲ್ಪ ಹೊತ್ತು ತಡೆಯುತ್ತೆ. ಆ ಹೊತ್ತು ಮುಗಿಯೋ ಮುಂಚೆಯೇ ಮುಂದಿನ ಔಷಧಿ ಹೊಟ್ಟೆ ಸೇರಿರಬೇಕು.

ನೋವು ಎಲ್ಲಿಂದ ಬರುತ್ತೆ

ಈ ಆಪರೇಷನ್ನಲ್ಲಿ ತೊಡೆ ಎಲುಬಿನ ಕೆಳತುದಿ, ಮುಂಗಾಲು ಎಲುಬಿನ ಮೇಲ್ತುದಿ, ಎರಡನ್ನೂ ತೆಳುವಾಗಿ ಕತ್ತರಿಸಿ ಲೋಹದ ತೊಡಿಗೆ ಹಾಕ್ತಾರೆ. ನಡುವೆ ಗಟ್ಟಿ ಪ್ಲಾಸ್ಟಿಕ್ ಬಿಲ್ಲೆ. ಚರ್ಮ, ಸ್ನಾಯು, ಕೀಲಿನ ಚೀಲ, ಎಲುಬು, ಎಲ್ಲ ಕಡೆ ಗಾಯ ಆಗಿರುತ್ತೆ. ಬಾವು ಬರುತ್ತೆ. ಆ ಗಾಯದ ಸುದ್ದಿ ನರಗಳ ಮೂಲಕ ಬೆನ್ನುಹುರಿಗೆ, ಅಲ್ಲಿಂದ ಮಿದುಳಿಗೆ ಹೋಗುತ್ತೆ. ಮೊದಲ ಎರಡು ಮೂರು ದಿನ ಈ ಸುದ್ದಿ ಜೋರಾಗಿರುತ್ತೆ, ಆಮೇಲೆ ನಿಧಾನಕ್ಕೆ ಇಳಿಯುತ್ತೆ.

ಮೊಣಕಾಲಿಗೆ ನರ ಒಂದೇ ಕಡೆಯಿಂದ ಬರಲ್ಲ. ಮುಂಭಾಗಕ್ಕೆ ತೊಡೆಯ ಮುಂದಿನ ಫೆಮೊರಲ್ ನರ ಮತ್ತು ಅದರ ಟಿಸಿಲುಗಳು. ಹಿಂಭಾಗಕ್ಕೆ ಸಯಾಟಿಕ್ ನರದ ಟಿಸಿಲುಗಳು. ಒಳಮಗ್ಗುಲಲ್ಲಿ ಆಬ್ಟುರೇಟರ್ ನರದ್ದೂ ಒಂದಿಷ್ಟು ಪಾಲು. ಒಂದೇ ಸೂಜಿಗೆ ಇಡೀ ಮೊಣಕಾಲಿನ ನೋವು ಪೂರ್ತಿ ಹೋಗದೇ ಇರೋದು ಇದಕ್ಕೇ. ಎಷ್ಟೋ ಜನ "ಮುಂದ ಏನೂ ಇಲ್ಲ, ಹಿಂದ ಮಡಚೋ ಜಾಗಾದಾಗ ಹಿಡದಂಗ ಆಗ್ತದ" ಅಂತಾರೆ. ಅದು ಸುಳ್ಳಲ್ಲ. ಮುಂದಿನ ನರ ಮಾತ್ರ ಜೋಮು ಹಿಡಿದಿದೆ ಅಂತ ಅರ್ಥ.

ಜೋಮು ಹಿಡಿಸೋ ಔಷಧಿಗಳು ಬುಪಿವಕೇನ್, ರೋಪಿವಕೇನ್ ಅಂತ ಇವೆ. ಹಲ್ಲು ಕೀಳೋವಾಗ ವಸಡಿಗೆ ಕೊಡ್ತಾರಲ್ಲ, ಅದೇ ಜಾತಿಯವು. ನರದಲ್ಲಿ ಸುದ್ದಿ ಹರಿಯಬೇಕಾದರೆ ಸೋಡಿಯಂ ಕಣಗಳು ಒಳಗೆ ನುಗ್ಗಬೇಕು. ಈ ಔಷಧಿ ಆ ಬಾಗಿಲುಗಳನ್ನ ಸ್ವಲ್ಪ ಹೊತ್ತು ಮುಚ್ಚುತ್ತೆ. ಔಷಧಿ ರಕ್ತದಲ್ಲಿ ಕರಗಿ ಹೋದ ಹಾಗೆ ಬಾಗಿಲು ಮತ್ತೆ ತೆರೆಯುತ್ತೆ.

ಯಾವ ಸೂಜಿ ಎಲ್ಲಿಗೆ

ನಾಲ್ಕು ಬೇರೆ ಬೇರೆ ಸೂಜಿಗಳಿವೆ. ಮನೆಯವರು ಎಲ್ಲವನ್ನೂ "ಬೆನ್ನಿನ ಇಂಜೆಕ್ಷನ್" ಅಂತ ಒಂದೇ ಮಾಡ್ಕೋತಾರೆ. ಬಿಡಿಸಿ ನೋಡೋಣ.

ಮೊದಲನೇದು ಸ್ಪೈನಲ್. ಬೆನ್ನೆಲುಬಿನ ಕೆಳಭಾಗಕ್ಕೆ ಕೊಡೋದು. ಸೊಂಟದ ಕೆಳಗೆ ಪೂರ್ತಿ ಜೋಮು. ಆಪರೇಷನ್ ಮಾಡೋಕೆ ಬೇಕಾದದ್ದು ಇದು. ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಇರುತ್ತೆ. 1898ರಲ್ಲಿ ಜರ್ಮನಿಯ ಆಗಸ್ಟ್ ಬೀಯರ್ ಮೊದಲು ಮಾಡಿ ತೋರಿಸಿದ ವಿಧಾನ.

ಎರಡನೇದು ನರದ ಬ್ಲಾಕ್. ಹಿಂದೆ ತೊಡೆಸಂದಿಯಲ್ಲಿ ಫೆಮೊರಲ್ ನರಕ್ಕೇ ಕೊಡ್ತಿದ್ದರು. ನೋವು ಚೆನ್ನಾಗಿ ನಿಲ್ಲುತ್ತೆ. ಆದರೆ ಕಾಲು ನೆಟ್ಟಗೆ ಮಾಡೋ ತೊಡೆಯ ಮುಂದಿನ ದೊಡ್ಡ ಸ್ನಾಯುವಿನ ಶಕ್ತಿಯೂ ಹೋಗುತ್ತೆ. ನೋವಿಲ್ಲ ಅಂತ ಎದ್ದು ನಿಂತರೆ ಕಾಲು ಮಡಚಿ ಬೀಳೋ ಭಯ. ಅದಕ್ಕೇ ಈಗ ಬಹಳ ಕಡೆ ಸ್ವಲ್ಪ ಕೆಳಗೆ, ತೊಡೆಯ ಮಧ್ಯದಲ್ಲಿ ಸ್ನಾಯುಗಳ ನಡುವೆ ಇರೋ ಅಡಕ್ಟರ್ ಕೆನಾಲ್ ಅನ್ನೋ ಸಂದಿಯಲ್ಲಿ ಕೊಡ್ತಾರೆ. ಅಲ್ಲಿ ಮುಖ್ಯವಾಗಿ ಸ್ಪರ್ಶದ ನರ ಸಿಗುತ್ತೆ, ಸ್ನಾಯುವಿನ ಶಕ್ತಿ ಬಹುಪಾಲು ಉಳಿಯುತ್ತೆ. ಅವತ್ತೇ ಅಥವಾ ಮಾರನೇ ದಿನ ವಾಕರ್ ಹಿಡಿದು ನಡೆಸಬಹುದು. ಅಲ್ಟ್ರಾಸೌಂಡ್ ಪರದೆ ಮೇಲೆ ನರ, ರಕ್ತನಾಳ ನೋಡ್ಕೊಂಡೇ ಸೂಜಿ ಹಾಕ್ತಾರೆ. ಒಂದೇ ಸಲ ಕೊಟ್ಟರೆ ಸಾಮಾನ್ಯವಾಗಿ 12ರಿಂದ 24 ಗಂಟೆ ಕೆಲಸ ಮಾಡುತ್ತೆ. ಕೆಲವು ಕಡೆ ಕೂದಲಿನಂಥ ಸಣ್ಣ ನಳಿಗೆ ಅಲ್ಲೇ ಬಿಟ್ಟು ಎರಡು ಮೂರು ದಿನ ಔಷಧಿ ಹನಿಸ್ತಾರೆ.

ಮೂರನೇದು ಐಪ್ಯಾಕ್ ಅಂತಾರೆ. ಮೊಣಕಾಲಿನ ಹಿಂದೆ, ರಕ್ತನಾಳಕ್ಕೂ ಕೀಲಿನ ಚೀಲಕ್ಕೂ ನಡುವೆ ಔಷಧಿ ಹರಡೋದು. ಹಿಂಭಾಗದ ಹಿಡಿತಕ್ಕೆ ಇದು. ಔಷಧಿ ಪಕ್ಕದ ನರಕ್ಕೆ ಹರಡಿದರೆ ಪಾದ ಮೇಲೆತ್ತೋಕೆ ಬರದೇ ಇರಬಹುದು. ಪಾದ ಜೋತುಬಿದ್ದ ಹಾಗೆ ಕಂಡರೆ ತಕ್ಷಣ ಸಿಸ್ಟರಿಗೆ ಹೇಳಬೇಕು.

ನಾಲ್ಕನೇದು ಕೀಲಿನ ಸುತ್ತಲಿನ ಇಂಜೆಕ್ಷನ್. ಇದನ್ನ ಕೊಡೋದು ಆಪರೇಷನ್ ಮಾಡೋ ಸರ್ಜನ್ನೇ. ಗಾಯ ಹೊಲಿಯೋ ಮುಂಚೆ, ಕೀಲಿನ ಚೀಲ, ಸ್ನಾಯು, ಚರ್ಮದ ಕೆಳಗೆ ಹಲವು ಕಡೆ ಸ್ವಲ್ಪ ಸ್ವಲ್ಪ ಔಷಧಿ ಚುಚ್ಚುತ್ತಾರೆ. ಜೋಮು ಹಿಡಿಸೋ ಔಷಧಿ ಜೊತೆಗೆ ಬಾವು ಇಳಿಸೋದು, ರಕ್ತ ಕಡಿಮೆ ಸೋರೋ ಹಾಗೆ ಅಡ್ರಿನಲಿನ್, ಹೀಗೆ ಮಿಶ್ರಣ ಇರುತ್ತೆ. ಡಾಕ್ಟರುಗಳ ಭಾಷೆಯಲ್ಲಿ ಇದಕ್ಕೆ ಕಾಕ್‌ಟೇಲ್ ಅಂತಲೇ ಹೆಸರು.

ಈ ಮಿಶ್ರಣವನ್ನ ರೂಢಿಗೆ ತಂದವರಲ್ಲಿ ಒಬ್ಬರು ಭಾರತದಲ್ಲಿ ಹುಟ್ಟಿ ನ್ಯೂಯಾರ್ಕಿನಲ್ಲಿ ಹೆಸರು ಮಾಡಿದ ಸರ್ಜನ್ ಚಿತ್ತರಂಜನ್ ರಾಣಾವತ್. ಪ್ರಧಾನಿ ವಾಜಪೇಯಿಯವರ ಮೊಣಕಾಲು ಬದಲಾಯಿಸಿದ್ದು ಇವರೇ. 2000ದ ಅಕ್ಟೋಬರಿನಲ್ಲಿ ಎಡಗಾಲು, 2001ರ ಜೂನಿನಲ್ಲಿ ಬಲಗಾಲು, ಎರಡೂ ಮುಂಬೈಯ ಬ್ರೀಚ್ ಕ್ಯಾಂಡಿ ಆಸ್ಪತ್ರೆಯಲ್ಲಿ. ಮೊಣಕಾಲು ಬದಲಾಯಿಸಬಹುದು ಅನ್ನೋದೇ ನಮ್ಮ ಕಡೆ ಎಷ್ಟೋ ಹಿರಿಯರಿಗೆ ಆ ಸುದ್ದಿಯಿಂದ ಗೊತ್ತಾಗಿದ್ದು. 2008ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯ ಕೆರ್ ಮತ್ತು ಕೋಹನ್ ಅನ್ನೋ ಇಬ್ಬರು ಡಾಕ್ಟರುಗಳು ಇಂಥದ್ದೇ ವಿಧಾನದ ಅನುಭವ ಪ್ರಕಟಿಸಿದ ಮೇಲೆ ಇದು ಜಗತ್ತಿನಾದ್ಯಂತ ಹರಡಿತು. ಈಗ ಬಹಳ ಕಡೆ ಬ್ಲಾಕ್ ಮತ್ತು ಈ ಮಿಶ್ರಣ ಎರಡನ್ನೂ ಸೇರಿಸಿ ಕೊಡ್ತಾರೆ.

ಅರಿವಳಿಕೆ ಡಾಕ್ಟರನ್ನ ಒಮ್ಮೆ ನೋಡ್ರಿ

ಬ್ಲಾಕ್ ಕೊಡೋದು ಅರಿವಳಿಕೆ ವೈದ್ಯರು. ನಾವು ಸರ್ಜನ್ ಹೆಸರು ಕೇಳ್ತೀವಿ, ಇವರ ಹೆಸರು ಕೇಳಲ್ಲ. ನಮ್ಮ ಭಾಗಕ್ಕೂ ಈ ವಿದ್ಯೆಗೂ ಹಳೇ ನಂಟಿದೆ. ನಮ್ಮ ಈ ತಾಲ್ಲೂಕುಗಳು ನಿಜಾಮರ ಆಳ್ವಿಕೆಯಲ್ಲಿದ್ದಾಗ, 1888 ಮತ್ತು 1889ರಲ್ಲಿ, ಹೈದರಾಬಾದಿನಲ್ಲಿ ಕ್ಲೋರೋಫಾರ್ಮ್ ಎಷ್ಟು ಸುರಕ್ಷಿತ ಅಂತ ಪರೀಕ್ಷೆ ಮಾಡೋ ಎರಡು ಆಯೋಗ ಕೂತವು. ಹಣ ಕೊಟ್ಟದ್ದು ನಿಜಾಮ್ ಸರ್ಕಾರ, ಮುಂದೆ ನಿಂತು ನಡೆಸಿದ್ದು ಎಡ್ವರ್ಡ್ ಲಾರಿ ಅನ್ನೋ ಸರ್ಜನ್. ಕ್ಲೋರೋಫಾರ್ಮ್ ಹೃದಯಕ್ಕೆ ನೇರ ತೊಂದರೆ ಮಾಡಲ್ಲ ಅಂದ ಅವರ ತೀರ್ಮಾನ ಮುಂದೆ ತಪ್ಪು ಅಂತ ಸಾಬೀತಾಯ್ತು. ಆದರೆ ಔಷಧಿ ಕೊಟ್ಟವರು ರೋಗಿಯ ಉಸಿರನ್ನ ಬಿಡದೆ ಗಮನಿಸಬೇಕು ಅನ್ನೋ ಅವರ ಪಾಠ ಉಳೀತು. ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ವೈದ್ಯೆ ಅಂತ ಹೇಳಲಾಗೋ ರೂಪಾಬಾಯಿ ಫರ್ದೂನ್‌ಜಿ ಕಲಿತದ್ದೂ ಅದೇ ಹೈದರಾಬಾದ್ ವೈದ್ಯಕೀಯ ಶಾಲೆಯಲ್ಲಿ.

ಆಪರೇಷನ್ ಹಿಂದಿನ ದಿನ ಅರಿವಳಿಕೆ ವೈದ್ಯರು ಬಂದು ಮಾತಾಡಿಸ್ತಾರೆ. ಆಗ ಮುಚ್ಚಿಡದೆ ಹೇಳಬೇಕಾದ್ದು: ರಕ್ತ ತೆಳು ಮಾಡೋ ಗುಳಿಗೆ ತಗೋತಿದ್ದರೆ ಅದು, ಸಕ್ಕರೆ ಕಾಯಿಲೆ, ಕಿಡ್ನಿ, ಹೃದಯದ ತೊಂದರೆ, ಅಲ್ಸರ್, ಹಿಂದೆ ಯಾವ ಔಷಧಿಗೆ ಅಲರ್ಜಿ ಆಗಿತ್ತು ಅನ್ನೋದು. ರಕ್ತ ತೆಳು ಮಾಡೋ ಗುಳಿಗೆ ಇದ್ದರೆ ಬೆನ್ನಿನ ಸೂಜಿ ಕೊಡೋ ಲೆಕ್ಕವೇ ಬದಲಾಗುತ್ತೆ. ಅದನ್ನ ಯಾವಾಗ ನಿಲ್ಲಿಸಬೇಕು ಅಂತ ಅವರೇ ಹೇಳಬೇಕು, ನಾವಾಗಿ ನಿಲ್ಲಿಸಬಾರದು. ಬ್ಲಾಕ್‌ನಿಂದ ದೊಡ್ಡ ತೊಂದರೆ ಅಪರೂಪ. ಆದರೂ ಸೂಜಿ ಕೊಟ್ಟ ಮೇಲೆ ಕಿವಿಯಲ್ಲಿ ಗುಂಯ್ ಅನ್ನೋದು, ಬಾಯಿ ಸುತ್ತ ಜೋಮು, ನಾಲಿಗೆಯಲ್ಲಿ ಕಬ್ಬಿಣದ ರುಚಿ ಬಂದರೆ ಕೂಡಲೇ ಹೇಳಬೇಕು. ಒಂದೆರಡು ದಿನ ಕಳೆದರೂ ಕಾಲಿನ ಜೋಮು ಪೂರ್ತಿ ಹೋಗದಿದ್ದರೂ ಹೇಳಬೇಕು.

ಗಡಿಯಾರ ನೋಡಿ ಗುಳಿಗೆ

ಮತ್ತೆ ಅವ್ವನ ರಾತ್ರಿಗೆ ಬರೋಣ. ಬೆಳಗ್ಗೆ ಹತ್ತಕ್ಕೆ ಬ್ಲಾಕ್ ಕೊಟ್ಟರೆ ಅದು ಇಳಿಯೋದು ರಾತ್ರಿ ಹತ್ತರಿಂದ ಮಾರನೇ ಬೆಳಗ್ಗೆ ಹತ್ತರ ಒಳಗೆ ಯಾವಾಗ ಬೇಕಾದರೂ. ಅಂದ್ರೆ ಮನೆಯವರು ನಿದ್ದೆಯಲ್ಲಿರೋ ಹೊತ್ತು, ವಾರ್ಡಿನಲ್ಲಿ ಸಿಬ್ಬಂದಿ ಕಡಿಮೆ ಇರೋ ಹೊತ್ತು. ಬ್ಲಾಕ್ ಇಳಿದ ಕೂಡಲೇ ನೋವು ಒಮ್ಮೆಲೇ ಏರೋದಕ್ಕೆ ಡಾಕ್ಟರುಗಳು ಮರುಕಳಿಸೋ ನೋವು ಅಂತಾರೆ. ಇದು ಗೊತ್ತಿರೋ ವಿಷಯ. ಗೊತ್ತಿರೋದಕ್ಕೇ ಗುಳಿಗೆ ಗಡಿಯಾರದ ಲೆಕ್ಕದಲ್ಲಿ ಬರೆದಿರ್ತಾರೆ, ನೋವಿನ ಲೆಕ್ಕದಲ್ಲಿ ಅಲ್ಲ. ನೋವು ಏರಿದ ಮೇಲೆ ಅದನ್ನ ಇಳಿಸೋಕೆ ಹೆಚ್ಚು ಔಷಧಿ ಬೇಕು, ಹೆಚ್ಚು ಹೊತ್ತೂ ಬೇಕು.

ಸಾಮಾನ್ಯವಾಗಿ ಮೂರು ತರದ ಔಷಧಿ ಇರುತ್ತೆ. ಅಡಿಪಾಯ ಪ್ಯಾರಾಸಿಟಮಾಲ್. ಆರೋಗ್ಯವಂತ ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೇಲಿನ ಮಿತಿ. ಸಣಕಲು ಮೈಯ ಹಿರಿಯರಿಗೆ, ಲಿವರ್ ತೊಂದರೆ ಇದ್ದವರಿಗೆ ಇನ್ನೂ ಕಡಿಮೆ. ಇಲ್ಲೊಂದು ಲೆಕ್ಕದ ತಪ್ಪು ಆಗುತ್ತೆ. ಎಷ್ಟೋ ನೋವಿನ ಗುಳಿಗೆಗಳು ಮಿಶ್ರಣ, ಅವುಗಳ ಒಳಗೂ ಪ್ಯಾರಾಸಿಟಮಾಲ್ ಇರುತ್ತೆ. ಬೇರೆ ಬೇರೆ ಹೆಸರಿನ ಎರಡು ಪಟ್ಟಿ ಇದ್ದರೆ ಒಂದೇ ಖರ್ಚನ್ನ ಎರಡು ಸಲ ಬರೆದ ಹಾಗೆ ಆಗುತ್ತೆ. ಪಟ್ಟಿ ಹಿಂದಿನ ಸಣ್ಣ ಅಕ್ಷರ ಓದಿ ಕೂಡಿಸಿ.

ಎರಡನೇದು ಬಾವು ಇಳಿಸೋ ಗುಳಿಗೆಗಳು, ಡೈಕ್ಲೋಫೆನಾಕ್, ಎಟೋರಿಕಾಕ್ಸಿಬ್ ಅಂಥವು. ಒಳ್ಳೇ ಕೆಲಸ ಮಾಡ್ತವೆ, ಆದರೆ ಕಿಡ್ನಿ, ಹೊಟ್ಟೆ, ರಕ್ತದೊತ್ತಡ, ಹೃದಯ ಇವುಗಳ ಮೇಲೆ ಭಾರ ಹಾಕ್ತವೆ. ನಮ್ಮ ಕಡೆ ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುತ್ತೆ. ಬಾತ್‌ರೂಮಿಗೆ ಎದ್ದು ಹೋಗಬೇಕಾಗ್ತದೆ ಅಂತ ಹಿರಿಯರು ನೀರು ಕುಡಿಯೋದೇ ಬಿಡ್ತಾರೆ. ನೀರು ಕಡಿಮೆ, ಬಿಪಿ ಗುಳಿಗೆ, ಮೇಲೆ ಇದು. ಮೂರೂ ಸೇರಿದರೆ ಕಿಡ್ನಿಗೆ ಪೆಟ್ಟು.

ಮೂರನೇದು ಟ್ರಾಮಡಾಲ್‌ನಂಥ ಗಟ್ಟಿ ಔಷಧಿ. "ಅದು ಚಟ ಹತ್ತಸ್ತದ" ಅಂತ ಮನೆಯವರು ಬಚ್ಚಿಡ್ತಾರೆ. 2018ರಿಂದ ಇದು ಮಾದಕ ವಸ್ತುಗಳ ಕಾನೂನಿನ ಕೆಳಗೂ ಬಂದಿದೆ, ಆದ್ದರಿಂದ ಡಾಕ್ಟರ ಚೀಟಿ ಇಲ್ಲದೆ ಸಿಗಬಾರದು. ಡಾಕ್ಟರ್ ಬರೆದಷ್ಟೇ, ಕೆಲವೇ ದಿನ ತಗೊಂಡು ನಿಲ್ಲಿಸಿದರೆ ಚಟದ ಅಪಾಯ ಕಡಿಮೆ. ತಿಂಗಳುಗಟ್ಟಲೆ ಮುಂದುವರಿಸಿದರೆ ಅಪಾಯ ನಿಜ. ವಾಂತಿ, ತಲೆಸುತ್ತು, ಮಲಬದ್ಧತೆ ಬರಬಹುದು. ತಲೆಸುತ್ತು ಬಂದಾಗ ಒಬ್ಬರೇ ಎದ್ದು ನಡೆಯೋದು ಬೇಡ.

ಮನೆಗೆ ಬಂದ ಮೇಲೆ

ಮೂರು ನಾಲ್ಕು ದಿನಕ್ಕೆ ಡಿಸ್ಚಾರ್ಜ್ ಮಾಡ್ತಾರೆ. ಬ್ಲಾಕ್ ಮುಗಿದಿರುತ್ತೆ, ಬಾವು ಇರುತ್ತೆ. ಕಲಬುರಗಿಯಿಂದ ಸೇಡಂ ಐವತ್ತು ಕಿಲೋಮೀಟರ್ ಮೇಲೆ, ಚಿಂಚೋಳಿ ಎಂಬತ್ತರ ಮೇಲೆ. ವಾಡಿ, ಶಹಾಬಾದ್, ಚಿತ್ತಾಪುರ, ಸೇಡಂಗೆ ರೈಲಾದರೂ ಇದೆ, ಚಿಂಚೋಳಿಗೆ ಅದೂ ಇಲ್ಲ. ಹೊರಡೋ ಅರ್ಧ ಗಂಟೆ ಮುಂಚೆ ಗುಳಿಗೆ ಕೊಡಿ. ಮುಂದಿನ ಸೀಟು ಹಿಂದಕ್ಕೆ ತಳ್ಳಿ ಕಾಲು ಚಾಚೋ ಹಾಗೆ ಕೂರಿಸಿ. ದಾರಿಯಲ್ಲಿ ಪಾದ ಮೇಲೆ ಕೆಳಗೆ ಆಡಿಸ್ತಾ ಇರಲಿ.

ಮನೆಯಲ್ಲಿ ಎಲ್ಲರೂ ಮಾಡೋ ಒಂದು ತಪ್ಪು ಇದೆ, ನಾವೂ ಮಾಡಿದೆವು. ನೋವಾಗ್ತದೆ ಅಂತ ಮೊಣಕಾಲಿನ ಕೆಳಗೆ ದಿಂಬು ಇಡೋದು. ಆರಾಮ ಅನ್ನಿಸುತ್ತೆ, ಆದರೆ ಕಾಲು ಸ್ವಲ್ಪ ಮಡಚಿದ ಹಾಗೇ ಬಿಗಿದುಕೊಳ್ಳುತ್ತೆ, ಆಮೇಲೆ ನೆಟ್ಟಗೆ ಆಗಲ್ಲ. ದಿಂಬು ಹಿಮ್ಮಡಿ ಕೆಳಗೆ ಇಡಬೇಕು. ಐಸನ್ನ ಬಟ್ಟೆಯಲ್ಲಿ ಸುತ್ತಿ ಹದಿನೈದು ಇಪ್ಪತ್ತು ನಿಮಿಷ ಇಡಬೇಕು, ನೇರ ಚರ್ಮಕ್ಕೆ ಅಲ್ಲ, ಗಾಯ ಒದ್ದೆ ಆಗಬಾರದು. ಎಣ್ಣೆ ಹಚ್ಚಿ ತಿಕ್ಕೋದು, ಬಿಸಿ ಶಾಖ, ಪಟ್ಟು ಹಾಕೋದು ಬೇಡವೇ ಬೇಡ.

ವ್ಯಾಯಾಮಕ್ಕೆ ಅರ್ಧ ಮುಕ್ಕಾಲು ಗಂಟೆ ಮುಂಚೆ ಗುಳಿಗೆ ಕೊಡಿ. ಇಷ್ಟೆಲ್ಲ ಬ್ಲಾಕ್, ಇಂಜೆಕ್ಷನ್, ಗುಳಿಗೆ ಇರೋದೇ ಇದಕ್ಕಾಗಿ, ಕಾಲು ಮಡಚಿ ಚಾಚೋಕೆ. ಮೊದಲ ವಾರಗಳಲ್ಲಿ ಪೂರ್ತಿ ನೆಟ್ಟಗೆ ಆಗೋದು, 90 ಡಿಗ್ರಿ ಮಡಚೋದು ಗುರಿ. ಆರು ವಾರ ಆದರೂ 90ಕ್ಕೆ ಬರದಿದ್ದರೆ ಸರ್ಜನ್ ಹತ್ತಿರ ಹೋಗಲೇಬೇಕು. ಮೊದಲ ಮೂರು ತಿಂಗಳ ಒಳಗೆ ಆದರೆ ಅರಿವಳಿಕೆ ಕೊಟ್ಟು ಮಡಚಿ ಬಿಡಿಸೋ ಅವಕಾಶ ಇರುತ್ತೆ, ಆಮೇಲೆ ಕಷ್ಟ.

ಯಾವ ನೋವಿಗೆ ಗುಳಿಗೆ ನುಂಗಿ ಸುಮ್ಮನೆ ಇರಬಾರದು? ಮೀನಗಂಡ ಗಟ್ಟಿಯಾಗಿ ಬಾತು ನೋಯೋದು, ಇದು ರಕ್ತ ಹೆಪ್ಪುಗಟ್ಟಿದ ಲಕ್ಷಣ ಇರಬಹುದು. ಎದೆ ನೋವು, ಉಸಿರು ಸಿಗದಿರೋದು, ಇದಕ್ಕೆ ಒಂದು ನಿಮಿಷವೂ ಕಾಯಬಾರದು, 108ಕ್ಕೆ ಕರೆ ಮಾಡಿ. ಜ್ವರ, ಗಾಯದಿಂದ ಕೀವು ಅಥವಾ ನೀರು, ಇಳಿದಿದ್ದ ನೋವು ಮತ್ತೆ ಏರೋದು, ಇದು ಸೋಂಕು ಇರಬಹುದು.

ಊರಿನ ಸೂಜಿ

ಈಗ ಬಹಳ ಮುಖ್ಯ ವಿಷಯ. ನಮ್ಮ ಕಡೆ ನೋವು ಅಂದ ಕೂಡಲೇ "ಒಂದ್ ಸೂಜಿ ಮಾಡಸ್ಕೊಂಡ್ ಬಾ" ಅಂತಾರೆ. ಸವೆದ ಮೊಣಕಾಲಿಗೆ ಸ್ಟೀರಾಯ್ಡ್ ಇಂಜೆಕ್ಷನ್ ಕೊಡೋದು ಸರಿಯಾದ ಚಿಕಿತ್ಸೆಯೇ, ಕೆಲವು ವಾರ ಆರಾಮ ಕೊಡುತ್ತೆ. ಆದರೆ ಆಪರೇಷನ್ನಿಗೆ ಮುಂಚಿನ ಮೂರು ತಿಂಗಳಲ್ಲಿ ಕೀಲಿನೊಳಗೆ ಅದನ್ನ ಹಾಕಿಸ್ಕೊಂಡರೆ ಆಪರೇಷನ್ ಆದ ಮೇಲೆ ಸೋಂಕಿನ ಅಪಾಯ ಹೆಚ್ಚುತ್ತೆ. "ಆಪರೇಷನ್ ತನಕ ತಡಿಲಿ" ಅಂತ ಹೋದ ವಾರ ಸೂಜಿ ಹಾಕಿಸಿದ್ದನ್ನ ಸರ್ಜನ್ ಹತ್ತಿರ ಮುಚ್ಚಿಡಬೇಡಿ. ಆಪರೇಷನ್ ಮುಂದಕ್ಕೆ ಹೋಗಬಹುದು, ಹೋಗಲಿ. ಒಳಗಿನ ಲೋಹಕ್ಕೆ ಸೋಂಕು ಹತ್ತಿದರೆ ಮತ್ತೆ ಕೊಯ್ದು ಎಲ್ಲ ತೆಗೆಯೋ ಪರಿಸ್ಥಿತಿ ಬರಬಹುದು.

ಆಪರೇಷನ್ ಆದ ಮೇಲಂತೂ ಆ ಮೊಣಕಾಲಿಗೆ ಸರ್ಜನ್ನಿಗೆ ಕೇಳದೆ ಯಾರೂ ಸೂಜಿ ಚುಚ್ಚಬಾರದು. ಬಾವು ಇದೆ, ನೀರು ತೆಗೀತೀನಿ ಅಂದರೂ ಬೇಡ ಅನ್ನಿ. ಕುಂಡಿಗೆ ದಿನಾ ಡೈಕ್ಲೋಫೆನಾಕ್ ಸೂಜಿ ಹಾಕಿಸ್ಕೊಂಡರೂ ಅದು ಅದೇ ಕಿಡ್ನಿಯ ಲೆಕ್ಕಕ್ಕೇ ಸೇರುತ್ತೆ. ಹೆಸರಿಲ್ಲದ ಪುಡಿ, ಬಿಡಿ ಗುಳಿಗೆ ಕೊಡೋರ ಹತ್ತಿರ ಇನ್ನೂ ಎಚ್ಚರ. ಅಂಥವುಗಳಲ್ಲಿ ಸ್ಟೀರಾಯ್ಡ್ ಬೆರೆಸಿರೋ ಸಾಧ್ಯತೆ ಇರುತ್ತೆ, ಸಕ್ಕರೆ ಏರುತ್ತೆ, ಗಾಯ ಮಾಯಲ್ಲ.

ನೋವು ಉಳಿದರೆ

ಎಲ್ಲರ ನೋವೂ ಹೋಗುತ್ತೆ ಅಂತ ಹೇಳಿದರೆ ಸುಳ್ಳಾಗುತ್ತೆ. 2012ರಲ್ಲಿ ಬ್ರಿಟನ್ನಿನ ಸಂಶೋಧಕರು ಹಲವು ಅಧ್ಯಯನಗಳನ್ನ ಸೇರಿಸಿ ನೋಡಿದಾಗ, ಮೊಣಕಾಲು ಬದಲಾಯಿಸಿದವರಲ್ಲಿ ಸುಮಾರು ಐವರಲ್ಲಿ ಒಬ್ಬರಿಗೆ ತಿಂಗಳುಗಳು ಕಳೆದ ಮೇಲೂ ಗಣನೀಯ ನೋವು ಉಳಿದಿತ್ತು. ಹಾಗಾದರೆ ಮೊದಲು ಸೋಂಕು ಇಲ್ಲ, ಇಂಪ್ಲಾಂಟ್ ಸಡಿಲ ಆಗಿಲ್ಲ, ನೋವು ಸೊಂಟ ಅಥವಾ ಬೆನ್ನಿನಿಂದ ಬರ್ತಿಲ್ಲ ಅಂತ ಖಾತ್ರಿ ಮಾಡ್ಕೋಬೇಕು. ಅದಾದ ಮೇಲೆ ನೋವಿನ ತಜ್ಞರು ಮೊಣಕಾಲಿನ ಸುತ್ತಲಿನ ಜೆನಿಕ್ಯುಲರ್ ಅನ್ನೋ ಸಣ್ಣ ನರಗಳಿಗೆ ಪರೀಕ್ಷೆಗೆ ಅಂತ ಬ್ಲಾಕ್ ಕೊಟ್ಟು ನೋಡ್ತಾರೆ. ಅದರಿಂದ ನೋವು ಇಳಿದರೆ, ರೇಡಿಯೋ ಅಲೆಗಳ ಬಿಸಿಯಿಂದ ಆ ನರಗಳನ್ನ ಕೆಲವು ತಿಂಗಳು ಸುಮ್ಮನಿರಿಸೋ ಚಿಕಿತ್ಸೆ ಇದೆ. 2011ರಲ್ಲಿ ಕೊರಿಯಾದ ವೈದ್ಯರು ಸವೆದ ಮೊಣಕಾಲುಗಳಲ್ಲಿ ಇದನ್ನ ಪರೀಕ್ಷಿಸಿ ಪ್ರಕಟಿಸಿದರು. ಬದಲಾಯಿಸಿದ ಮೊಣಕಾಲಿಗೆ ಇದರ ಪುರಾವೆ ಇನ್ನೂ ಅಷ್ಟು ಗಟ್ಟಿ ಇಲ್ಲ. ಮೊದಲ ದಾರಿ ಅಂತ ಯಾರಾದರೂ ಹೇಳಿದರೆ ಎರಡನೇ ಅಭಿಪ್ರಾಯ ಕೇಳಿ.

ದುಡ್ಡಿನ ಮಾತು

2017ರ ಆಗಸ್ಟಿನಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಮೊಣಕಾಲು ಇಂಪ್ಲಾಂಟಿಗೆ ಮಿತಿ ಹಾಕ್ತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಇಂಪ್ಲಾಂಟಿಗೆ ಆಗ 54,720 ರೂಪಾಯಿ, ತೆರಿಗೆ ಬೇರೆ. ಆದರೆ ಮಿತಿ ಇರೋದು ಇಂಪ್ಲಾಂಟಿಗೆ ಮಾತ್ರ. ಬ್ಲಾಕ್, ಕೋಣೆ, ಫಿಸಿಯೋ ಇವೆಲ್ಲ ಪ್ಯಾಕೇಜಿನಲ್ಲಿ ಸೇರಿವೆಯೋ ಇಲ್ಲವೋ ಅಂತ ಬರೆಸ್ಕೊಂಡು ಕೇಳಬೇಕು. ಕಾರ್ಖಾನೆಯಲ್ಲಿ ಇಎಸ್‌ಐ ಇರೋ ಕುಟುಂಬದವರು ಕಲಬುರಗಿಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ. ಬಿಪಿಎಲ್ ಕಾರ್ಡ್ ಇದ್ದವರು ಜಿಮ್ಸ್ ಆಸ್ಪತ್ರೆಗೆ ಹೋಗಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಆರೋಗ್ಯ ಮಿತ್ರರನ್ನ ಕೇಳಿ. ಸ್ವಂತ ದುಡ್ಡು ಕಟ್ಟೋ ಮುಂಚೆಯೇ ಕೇಳಿ, ಆಮೇಲೆ ಅಲ್ಲ.

ಹಿಂದಿನ ದಿನ ಕೇಳಬೇಕಾದ ಐದು ಪ್ರಶ್ನೆ

ಒಂದು, ಯಾವ ಬ್ಲಾಕ್ ಕೊಡ್ತೀರಿ, ಕೀಲಿನ ಸುತ್ತ ಇಂಜೆಕ್ಷನ್ ಕೊಡ್ತೀರಾ? ಎರಡು, ಅದು ಸುಮಾರು ಎಷ್ಟು ಗಂಟೆಗೆ ಇಳಿಯುತ್ತೆ? ಮೂರು, ಇಳಿಯೋ ಮುಂಚೆ ಯಾವ ಗುಳಿಗೆ, ಎಷ್ಟು ಹೊತ್ತಿಗೆ? ನಾಲ್ಕು, ರಾತ್ರಿ ನೋವು ತಡೆಯೋಕೆ ಆಗದಿದ್ದರೆ ಯಾರಿಗೆ ಹೇಳಬೇಕು, ಅವರು ಏನು ಕೊಡ್ತಾರೆ? ಐದು, ಮನೆಗೆ ಹೋದ ಮೇಲೆ ಯಾವ ಗುಳಿಗೆ ಎಷ್ಟು ದಿನ, ಯಾವುದನ್ನ ಮೊದಲು ನಿಲ್ಲಿಸಬೇಕು? ಉತ್ತರಗಳನ್ನ ಒಂದು ಹಾಳೆಯಲ್ಲಿ ಬರೆದು ಹಾಸಿಗೆ ಪಕ್ಕ ಅಂಟಿಸಿ. ಮೊಬೈಲಿನಲ್ಲಿ ಅಲಾರಂ ಇಡಿ.

ಅವ್ವನ ಕಾಲು 90ಕ್ಕೆ ಬರೋಕೆ ಐದು ವಾರ ಹಿಡೀತು. ದಿನಾ ವ್ಯಾಯಾಮದ ಮುಂಚೆ ಗುಳಿಗೆ ಕೊಟ್ಟು, ಪಕ್ಕದಲ್ಲಿ ಕೂತು ಎಣಿಸ್ತಾ ಮಾಡಿಸಿದೆ. ಈಗ ಮೆಟ್ಟಿಲು ಹತ್ತುತ್ತಾಳೆ, ಸಂತೆಗೆ ಹೋಗ್ತಾಳೆ. ನೆಲದ ಮೇಲೆ ಕೂರೋದು ಬಿಟ್ಟಿದ್ದಾಳೆ, ರೊಟ್ಟಿ ನಿಂತೇ ಬಡಿತಾಳೆ. ಇನ್ನೊಂದು ಕಾಲಿನ ಆಪರೇಷನ್ ಬಾಕಿ ಇದೆ. ಹೋದ ವಾರ ಅವಳೇ ಕೇಳಿದಳು, "ತಮ್ಮಾ, ಈ ಸಲ ಆ ಜೋಮು ಎಷ್ಟ ಗಂಟಿಗಿ ಇಳಿತದ ಅಂತ ಮೊದಲೇ ಕೇಳಿ ಬರಕೊಂಡ್ ಬರ್ತಿಯಿಲ್ಲೋ?"

ಬರಕೊಂಡ್ ಬರ್ತೀನಿ ಅಂತ ಹೇಳಿದ್ದೀನಿ. ನೀವೂ ಬರಕೊಂಡ್ ಬರ್ರಿ.